ಕಾರವಾರದ ಯುದ್ಧನೌಕೆ ವಸ್ತುಸಂಗ್ರಹಾಲಯ: ಐಎನ್‌ಎಸ್ ಚಪಲ್

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕೇಂದ್ರಸ್ಥಳವಾದ ಕಾರವಾರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೊಂದಿಕೊಂಡಿರುವ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಭಾರತೀಯ ನೌಕಾಪಡೆಯ ಸೇವೆಯಿಂದ ನಿವೃತ್ತವಾದ ಕ್ಷಿಪಣಿ ನೌಕೆ ‘ಐಎನ್‌ಎಸ್ ಚಪಲ್’ ಅನ್ನು ಸ್ಥಾಪಿಸಲಾಗಿದೆ. 2006ರ ನವೆಂಬರ್‌ನಲ್ಲಿ ಇದು ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ನೀರಿನಲ್ಲಿ ತೇಲುವ ಹಡಗನ್ನು ದೂರದಿಂದ ನೋಡಿದವರು ಅನೇಕರಿದ್ದರೂ, ಯುದ್ಧನೌಕೆಯೊಂದರ ತಳಭಾಗದಿಂದ ಮೇಲ್ತಟ್ಟಿನವರೆಗೆ ಹತ್ತಿರದಿಂದ ಕಾಣುವ ಅವಕಾಶ ಕರ್ನಾಟಕದ ಕರಾವಳಿಯಲ್ಲಿ ಬಹಳ ಅಪರೂಪ.

ಸ್ಥಳೀಯವಾಗಿ ಈ ನೌಕೆಯನ್ನು ‘ಚಾಪೆಲ್’ ಎಂದೂ ಬರೆಯುವುದುಂಟು. ಹೆಸರಿನ ಮೂಲ ಸಂಸ್ಕೃತದ ‘ಚಪಲ’. ಕನ್ನಡದ ದಿನಬಳಕೆಯಲ್ಲಿ ಈ ಪದಕ್ಕೆ ಅತಿಯಾದ ಆಸೆ ಎಂಬ ಅರ್ಥವಿದ್ದರೂ, ಇಲ್ಲಿ ಅದು ವೇಗದ, ಒಂದೆಡೆ ನಿಲ್ಲದ ಎಂಬ ಮೂಲಾರ್ಥದಲ್ಲಿ ಬಳಕೆಯಾಗಿದೆ. ನೌಕೆಯ ಕಾರ್ಯಕ್ಕೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ನೌಕೆಯ ವಿವರ

ಚಪಲ್ ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ‘ಓಸಾ-2’ ಮಾದರಿಯ ನೌಕೆ. ಭಾರತದಲ್ಲಿ ಈ ವರ್ಗಕ್ಕೆ ‘ಚಮಕ್’ ವರ್ಗ ಎಂಬ ಹೆಸರಿದೆ. 1976ರ ನವೆಂಬರ್ 4ರಂದು ನೌಕಾಪಡೆಗೆ ಸೇರ್ಪಡೆಯಾದ ಈ ನೌಕೆ 28 ವರ್ಷ 6 ತಿಂಗಳ ಸೇವೆ ಸಲ್ಲಿಸಿ 2005ರ ಮೇ 5ರಂದು ನಿವೃತ್ತವಾಯಿತು.

ನೌಕೆಯ ಉದ್ದ 38.6 ಮೀಟರ್, ಅಗಲ 7.6 ಮೀಟರ್, ತೂಕ ಸುಮಾರು 245 ಟನ್. ಒಡಲು ಉಕ್ಕಿನದು; ಭಾರ ಕಡಿಮೆ ಮಾಡುವ ಸಲುವಾಗಿ ಮೇಲಿನ ಕೊಠಡಿಗಳನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ನಿರ್ಮಿಸಲಾಗಿದೆ. 56 ಸಿಲಿಂಡರ್‌ಗಳ ಮೂರು ಡೀಸೆಲ್ ಎಂಜಿನ್‌ಗಳು ಒಟ್ಟು ಸುಮಾರು 15,000 ಅಶ್ವಶಕ್ತಿಯನ್ನು ಒದಗಿಸುತ್ತಿದ್ದವು. ಮುಂಭಾಗದಲ್ಲಿ ಒಂದು, ಹಿಂಭಾಗದಲ್ಲಿ ಒಂದರಂತೆ 30 ಮಿಲಿಮೀಟರ್‌ನ ಎರಡು ಜೋಡಿನಳಿಕೆಯ ತೋಪುಗಳೂ, ಎರಡು ಪಕ್ಕಗಳಲ್ಲಿ ತಲಾ ಎರಡರಂತೆ ನಾಲ್ಕು ಕ್ಷಿಪಣಿ ಉಡಾವಣಾ ಕೊಳವೆಗಳೂ ಈ ವರ್ಗದ ನೌಕೆಗಳ ಆಯುಧಗಳು. ಒಂದೊಂದು ಕ್ಷಿಪಣಿಯೂ ಎರಡು ಟನ್‌ಗಿಂತ ಹೆಚ್ಚು ತೂಗುತ್ತಿತ್ತು. ಸುಮಾರು 30 ಮಂದಿ ಸಿಬ್ಬಂದಿ ನಡೆಸುತ್ತಿದ್ದ ಇಷ್ಟು ಸಣ್ಣ ನೌಕೆಯು ತನಗಿಂತ ಹತ್ತು ಪಟ್ಟು ದೊಡ್ಡದಾದ ಹಡಗನ್ನು ಮುಳುಗಿಸುವ ಸಾಮರ್ಥ್ಯ ಹೊಂದಿತ್ತು ಎಂಬುದೇ ಇದರ ವೈಶಿಷ್ಟ್ಯ.

1971ರ ಯುದ್ಧ ಮತ್ತು ಚಪಲ್

ಚಪಲ್ 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಭಾಗವಹಿಸಿತ್ತೆಂಬ ಮಾತು ವ್ಯಾಪಕವಾಗಿ ಪ್ರಚಾರದಲ್ಲಿದೆ. ನೌಕೆ ಸೇವೆಗೆ ಸೇರಿದ್ದು ಯುದ್ಧ ಮುಗಿದು ಸುಮಾರು ಐದು ವರ್ಷಗಳ ನಂತರವಾದ್ದರಿಂದ ಇದು ಸರಿಯಲ್ಲ. ಆದರೆ ಆ ಯುದ್ಧಕ್ಕೂ ಈ ನೌಕೆಗೂ ನಿಕಟ ಸಂಬಂಧವಿದೆ.

1971ರ ಡಿಸೆಂಬರ್ 4ರ ರಾತ್ರಿ ನಿಪಟ್, ನಿರ್ಘಟ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ನೌಕೆಗಳು ಕರಾಚಿಯ ಸಮೀಪಕ್ಕೆ ತೆರಳಿ ದಾಳಿ ನಡೆಸಿದವು. ‘ಆಪರೇಷನ್ ಟ್ರೈಡೆಂಟ್’ ಎಂಬ ಈ ಕಾರ್ಯಾಚರಣೆಯಲ್ಲಿ ಪಾಕಿಸ್ತಾನದ ವಿಧ್ವಂಸಕ ನೌಕೆ ಖೈಬರ್ ಹಾಗೂ ಸಿಡಿಗುಂಡು ನಿವಾರಕ ನೌಕೆ ಮುಹಾಫಿಜ್ ಮುಳುಗಿದವು. ಡಿಸೆಂಬರ್ 8ರ ರಾತ್ರಿ ವಿನಾಶ್ ಎಂಬ ನೌಕೆ ಎರಡನೆಯ ದಾಳಿ ನಡೆಸಿತು. ಕರಾಚಿಯ ಕೇಮಾರಿಯಲ್ಲಿದ್ದ ತೈಲ ಸಂಗ್ರಹಾಗಾರಗಳು ಹೊತ್ತಿ ಉರಿದವು. ಮೊದಲ ದಾಳಿಯ ನೆನಪಿಗಾಗಿ ಪ್ರತಿ ವರ್ಷ ಡಿಸೆಂಬರ್ 4ರಂದು ನೌಕಾಪಡೆಯ ದಿನವನ್ನು ಆಚರಿಸಲಾಗುತ್ತದೆ.

ದಾಳಿ ನಡೆಸಿದ ಆ ನೌಕೆಗಳು ‘ಓಸಾ-1’ ಮಾದರಿಯವು. ಅವುಗಳ ಯಶಸ್ಸಿನ ನಂತರ ಅದೇ ಮಾದರಿಯ ಸುಧಾರಿತ ರೂಪವಾಗಿ ನೌಕಾಪಡೆಗೆ ಬಂದ ಎಂಟು ನೌಕೆಗಳಲ್ಲಿ ಚಪಲ್ ಒಂದು. ಎರಡರ ನಡುವಿನ ವ್ಯತ್ಯಾಸವನ್ನು ಪ್ರವಾಸಿಗರು ತಾವೇ ಗುರುತಿಸಬಹುದು: ಹಳೆಯ ಮಾದರಿಯಲ್ಲಿ ಕ್ಷಿಪಣಿಗಳ ಹೊದಿಕೆ ಪೆಟ್ಟಿಗೆಯಾಕಾರದಲ್ಲಿತ್ತು, ಚಪಲ್‌ನಂತಹ ಹೊಸ ಮಾದರಿಯಲ್ಲಿ ಅದು ದುಂಡನೆಯ ಕೊಳವೆಯಾಗಿದೆ. ಯುದ್ಧದಲ್ಲಿ ಹೋರಾಡಿದ ನೌಕೆಗಳ ಕೀರ್ತಿ ಅವುಗಳಿಗೇ ಸಲ್ಲಬೇಕು. ಯುದ್ಧವಿಲ್ಲದ ವರ್ಷಗಳಲ್ಲಿ ಕಡಲನ್ನು ಕಾದ ಚಪಲ್‌ನ ಸೇವೆಯೂ ಗೌರವಾರ್ಹವೇ.

ವೀಕ್ಷಣೀಯ ಅಂಶಗಳು

ನೌಕೆಯನ್ನು ನೆಲದ ಮೇಲೆ ಪೀಠ ನಿರ್ಮಿಸಿ ನಿಲ್ಲಿಸಿರುವುದರಿಂದ, ಸಾಮಾನ್ಯವಾಗಿ ನೀರಿನಡಿಯಲ್ಲಿರುವ ಭಾಗವೂ ಕಾಣಸಿಗುತ್ತದೆ. ಮೊದಲು ನೌಕೆಯ ಸುತ್ತ ಒಂದು ಸುತ್ತು ನಡೆದು, ನಂತರ ಮೇಲೇರುವುದು ಉತ್ತಮ. ಒಳಭಾಗದ ಕೊಠಡಿಗಳಲ್ಲಿ ಸಿಬ್ಬಂದಿಯ ಕೆಲಸವನ್ನು ತಿಳಿಸುವ ಸಲುವಾಗಿ ನೌಕಾಧಿಕಾರಿ, ವೈದ್ಯ ಹಾಗೂ ಸೈನಿಕರ ಪ್ರತಿಕೃತಿಗಳನ್ನು ಇರಿಸಲಾಗಿದೆ. ಇಕ್ಕಟ್ಟಾದ ಓಣಿ, ಕಡಿದಾದ ಏಣಿ, ಒಂದರ ಮೇಲೊಂದರಂತೆ ಮಲಗುವ ವ್ಯವಸ್ಥೆ ಮೊದಲಾದವು ನಾವಿಕರ ಬದುಕಿನ ಶ್ರಮವನ್ನು ವಿವರಣೆಯ ಅಗತ್ಯವಿಲ್ಲದೆ ಮನಗಾಣಿಸುತ್ತವೆ.

ಸಮೀಪದಲ್ಲಿಯೇ ನೌಕಾಪಡೆಯ ‘ಟುಪೊಲೆವ್-142’ ವಿಮಾನವನ್ನೂ ಸ್ಥಾಪಿಸಲಾಗಿದೆ. 1988ರಿಂದ ಸೇವೆಯಲ್ಲಿದ್ದ ಈ ಮಾದರಿಯ ವಿಮಾನಗಳು ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಕಾರ್ಯದಲ್ಲಿ ನಿರತವಾಗಿದ್ದು, 2017ರ ಮಾರ್ಚ್‌ನಲ್ಲಿ ತಮಿಳುನಾಡಿನ ಅರಕ್ಕೋಣಂ ನೆಲೆಯಲ್ಲಿ ನಿವೃತ್ತವಾದವು. ಕಾರವಾರಕ್ಕೆ ವಿಮಾನದ ಬಿಡಿಭಾಗಗಳನ್ನು ರಸ್ತೆಯ ಮೂಲಕ ತಂದು ಜೋಡಿಸಲಾಯಿತು. ಸುಮಾರು 53 ಮೀಟರ್ ಉದ್ದದ ಈ ವಿಮಾನವು ಚಪಲ್ ನೌಕೆಗಿಂತಲೂ ಉದ್ದವಾಗಿದೆ.

ಕಾರವಾರ ಮತ್ತು ನೌಕಾಪಡೆ

ಚಪಲ್ ನಿವೃತ್ತವಾದ 2005ರ ಮೇ ತಿಂಗಳಲ್ಲಿಯೇ, ಕಾರವಾರದ ದಕ್ಷಿಣಕ್ಕೆ ‘ಸೀಬರ್ಡ್’ ಯೋಜನೆಯಡಿ ನಿರ್ಮಾಣಗೊಂಡ ‘ಐಎನ್‌ಎಸ್ ಕದಂಬ’ ನೌಕಾನೆಲೆ ಕಾರ್ಯಾರಂಭ ಮಾಡಿತು. ಇದೇ ಜಿಲ್ಲೆಯ ಬನವಾಸಿಯಿಂದ ಆಳಿದ ರಾಜವಂಶದ ಹೆಸರನ್ನು ನೆಲೆಗೆ ಇಡಲಾಗಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸುಮಾರು 4,000 ಕುಟುಂಬಗಳು ತಮ್ಮ ಮನೆ, ಗದ್ದೆ ಹಾಗೂ ಮೀನುಗಾರಿಕೆಯ ತೀರಗಳನ್ನು ಬಿಟ್ಟುಕೊಟ್ಟವು. ಭದ್ರತಾ ಕಾರಣಗಳಿಂದ ನೌಕಾನೆಲೆಗೆ ಸಾರ್ವಜನಿಕರ ಪ್ರವೇಶವಿಲ್ಲ. ಆದ್ದರಿಂದ ದೇಶದ ರಕ್ಷಣೆಗಾಗಿ ನೆಲ ಬಿಟ್ಟುಕೊಟ್ಟ ಊರಿನ ಮಕ್ಕಳು ಯುದ್ಧನೌಕೆಯನ್ನು ಮುಟ್ಟಿ ನೋಡಲು ಸಾಧ್ಯವಾಗಿರುವ ತಾಣವೆಂಬ ಮಹತ್ವವೂ ಈ ವಸ್ತುಸಂಗ್ರಹಾಲಯಕ್ಕಿದೆ.

ಕಡಲತೀರದ ಹೆಸರಿಗೂ ಹಿನ್ನೆಲೆಯಿದೆ. 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸಹೋದರ ಸತ್ಯೇಂದ್ರನಾಥರೊಂದಿಗೆ ಯುವಕ ರವೀಂದ್ರನಾಥರು ಇಲ್ಲಿ ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ರಚಿಸಿದ್ದು ಕಾರವಾರದಲ್ಲಿಯೇ.

ತಲುಪುವ ಬಗೆ

ರಸ್ತೆ: ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಹಾಗೂ ಗೋವಾದಿಂದ ಕಾರವಾರಕ್ಕೆ ಬಸ್ ಸೌಲಭ್ಯವಿದೆ. ಕಡಲತೀರವು ಪಟ್ಟಣದ ಬಸ್ ನಿಲ್ದಾಣಕ್ಕೆ ಸಮೀಪದಲ್ಲಿದೆ.

ರೈಲು: ಕೊಂಕಣ ರೈಲು ಮಾರ್ಗದ ಕಾರವಾರ ನಿಲ್ದಾಣವು ಪಟ್ಟಣದ ಹೊರವಲಯದ ಶಿರವಾಡದಲ್ಲಿದೆ. ಅಲ್ಲಿಂದ ಬಸ್ ಅಥವಾ ಆಟೋರಿಕ್ಷಾ ಮೂಲಕ ಬರಬಹುದು.

ಸೂಕ್ತ ಕಾಲ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಕಡಲಿನ ಅಬ್ಬರವೂ ಹೆಚ್ಚು.

ಪ್ರವಾಸಿಗರಿಗೆ ಸೂಚನೆಗಳು

1. ದುರಸ್ತಿ ಅಥವಾ ಮಳೆಯ ಕಾರಣದಿಂದ ಒಳಭಾಗದ ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸಂದರ್ಭಗಳಿರುತ್ತವೆ. ಶಾಲಾ ಪ್ರವಾಸ ಏರ್ಪಡಿಸುವವರು ಪ್ರವೇಶದ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಒಳಿತು.

2. ಏಣಿಗಳು ಕಡಿದಾಗಿದ್ದು ಬಾಗಿಲುಗಳು ತಗ್ಗಾಗಿವೆ. ಮಕ್ಕಳು ಹಾಗೂ ಹಿರಿಯರು ಎಚ್ಚರಿಕೆಯಿಂದ ಹತ್ತಿಳಿಯಬೇಕು.

3. ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಬಣ್ಣದ ಲೇಪನವೇ ನೌಕೆಗೆ ಕವಚ. ಅದನ್ನು ಕೆರೆದು ಹೆಸರು ಬರೆಯಬಾರದು. ಗೀರಿದ ಜಾಗದಿಂದಲೇ ತುಕ್ಕು ಆರಂಭವಾಗುತ್ತದೆ.

4. ಕಡಲತೀರದಲ್ಲಿ ಪ್ಲಾಸ್ಟಿಕ್ ತ್ಯಾಜ್ಯವನ್ನು ಎಸೆಯಬಾರದು.

ಸುಮಾರು ಮೂರು ದಶಕಗಳ ಕಾಲ ಕಡಲನ್ನು ಕಾದ ನೌಕೆಯನ್ನು ಈಗ ಕಾಯುವ ಹೊಣೆ ನಾಗರಿಕರದು. ವಸ್ತುಸಂಗ್ರಹಾಲಯವನ್ನು ಸಂದರ್ಶಿಸಿ, ಅದರ ಸಂರಕ್ಷಣೆಯಲ್ಲಿ ಸಹಕರಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.