ರನ್ನಿಂಗ್ ಇನ್: ಹೊಸ ಮೋಟಾರ್ ಸೈಕಲ್ ಇಂಜಿನ್ ಪಳಗಿಸುವ ಕ್ರಮದ ಚರಿತ್ರೆ

ಹೊಸ ಇಂಜಿನ್ನನ್ನಾಗಲಿ, ಹೊಸದಾಗಿ ಬೋರ್ ಮಾಡಿಸಿದ ಇಂಜಿನ್ನನ್ನಾಗಲಿ ಮೊದಲ ಕೆಲವು ನೂರು ಕಿಲೋಮೀಟರ್ ಹದವರಿತು ಓಡಿಸಿ, ಒಳಗಿನ ಉಜ್ಜುವ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವ ಕ್ರಮಕ್ಕೆ ರನ್ನಿಂಗ್ ಇನ್ ಎಂದು ಹೆಸರು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆಯ ಗ್ಯಾರೇಜುಗಳಲ್ಲಿ ‘ಇನ್ನೂ ಟೈಟ್ ಐತಿ, ಫ್ರೀ ಆಗ್ಲಿ’ ಎನ್ನುವುದು ಇದೇ ಹಂತವನ್ನು ಕುರಿತ ಮಾತು. ‘ಸಾವಿರ ಕಿಲೋಮೀಟರ್ ಆಗೋತನಕ ನಲವತ್ತು ದಾಟಬೇಡ’ ಎಂಬ ಬುದ್ಧಿಮಾತೂ ಹೊಸ ಬೈಕಿನ ಜೊತೆಗೇ ಮನೆಗೆ ಬರುತ್ತದೆ. ಆ ಮಾತಿಗೆ ಗಟ್ಟಿಯಾದ ಕಾರಣವಿತ್ತು. ಆದರೆ ಅದು ಬೇರೊಂದು ಕಾಲದ ಇಂಜಿನ್ನಿಗೆ ಹೇಳಿದ್ದು.

ಸಿಲಿಂಡರಿನ ಒಳಗೋಡೆ ನುಣುಪಾಗಿ ಕಂಡರೂ ಅದರ ಮೇಲೆ ಹೋನಿಂಗ್ ಕಲ್ಲು ಬಿಟ್ಟ ಅಡ್ಡಡ್ಡ ಗೀರುಗಳಿರುತ್ತವೆ. ಓರೆಯಾಗಿ ಹಿಡಿದು ಬೆಳಕಿಗೆ ಒಡ್ಡಿದರೆ ಎರಡು ದಿಕ್ಕಿನ ಸಣ್ಣ ಗೆರೆಗಳು ಒಂದನ್ನೊಂದು ಕತ್ತರಿಸುವುದು ಕಾಣುತ್ತದೆ. ಪಿಸ್ಟನ್ ರಿಂಗು ಮೇಲೆ ಕೆಳಗೆ ಓಡಾಡುತ್ತ ಗೆರೆಗಳ ಏಣುಗಳನ್ನು ಸವೆಸುತ್ತದೆ. ತಗ್ಗುಗಳು ಹಾಗೇ ಉಳಿದು ಎಣ್ಣೆ ಹಿಡಿದುಕೊಳ್ಳುತ್ತವೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗುವು ಮಾತ್ರವಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ದೂಡುತ್ತದೆ. ಆದ್ದರಿಂದ ಇಂಜಿನ್ ಮೇಲೆ ಒಂದಿಷ್ಟು ಭಾರ ಬೀಳಲೇಬೇಕು. ತೀರಾ ಮೆಲ್ಲಗೆ, ಭಾರವೇ ಇಲ್ಲದೆ ಓಡಿಸಿದರೆ ರಿಂಗು ಕೂರುವ ಮೊದಲೇ ಗೋಡೆಯ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ. ಅಂಥ ಬೈಕು ಮುಂದೆ ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ. ಹೊಸತರಲ್ಲಿ ಹುಚ್ಚೆದ್ದು ಓಡಿಸಿ ಕೆಡಿಸುವವರಿರುವಂತೆ, ಅತಿಜಾಗ್ರತೆಯಿಂದ ಕೆಡಿಸುವವರೂ ಇದ್ದಾರೆ.

ಹಳೆಯ ಇಂಜಿನ್ನುಗಳ ದೊಡ್ಡ ಭಯ ಸೀಜ್ ಆಗುವುದು. ಕಾಯ್ದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 65 ಮಿ.ಮೀ. ಅಗಲದ ಪಿಸ್ಟನ್ನಿನ ತಾಪಮಾನ 100 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 0.15 ಮಿ.ಮೀ. ದೊಡ್ಡದಾಗುತ್ತದೆ, ಅಷ್ಟೇ ಕಾಯ್ದ ಕಬ್ಬಿಣದ ಸಿಲಿಂಡರು ಹಿಗ್ಗುವುದು 0.07 ಮಿ.ಮೀ. ಮಾತ್ರ. ಇವೆರಡರ ನಡುವೆ ಬಿಟ್ಟಿರುವ ಸಂದು ಕೂದಲೆಳೆಯ ಲೆಕ್ಕದ್ದು. ಹೊಸ ಇಂಜಿನ್ನಿನಲ್ಲಿ ಉಜ್ಜಾಟದ ಶಾಖವೂ ಸೇರಿ ಪಿಸ್ಟನ್ ಗೋಡೆಗೆ ಕಚ್ಚಿಕೊಂಡಿತೆಂದರೆ ಹಿಂದಿನ ಚಕ್ರ ಓಡುತ್ತಿರುವಾಗಲೇ ಬಿಗಿದು ನಿಲ್ಲುತ್ತದೆ. ಹಳೆಯ ಟೂ-ಸ್ಟ್ರೋಕ್ ಸವಾರರು ಕ್ಲಚ್ಚಿನ ಮೇಲೆ ಎರಡು ಬೆರಳು ಇಟ್ಟುಕೊಂಡೇ ಓಡಿಸುತ್ತಿದ್ದುದು ಇದಕ್ಕಾಗಿ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಯಂತ್ರಗಳ ಕೊರೆತ ಇಂದಿನಷ್ಟು ಕರಾರುವಾಕ್ಕಾಗಿರಲಿಲ್ಲ; ಎಣ್ಣೆಯ ಗುಣಮಟ್ಟವೂ ಕಡಿಮೆ. ಕಾರ್ಖಾನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಕೊಂಡವನು ರಸ್ತೆಯ ಮೇಲೆ ಮುಗಿಸಿಕೊಳ್ಳಬೇಕಿತ್ತು. ಬ್ರಿಟನ್ನಿನಲ್ಲಿ ಹೊಸ ವಾಹನದ ಹಿಂದೆ ‘ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ’ ಎಂಬರ್ಥದ ಚೀಟಿ ಅಂಟಿಸುವ ವಾಡಿಕೆಯೇ ಇತ್ತು.

ಕರ್ನಾಟಕದಲ್ಲಿ ಈ ಚರಿತ್ರೆಯ ಮುಖ್ಯ ಅಧ್ಯಾಯ ಮೈಸೂರಿನದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯದ ಜಾವಾ ಪರವಾನಗಿಯಡಿ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿತು. ಜಾವಾ 250ರದು 65 ಮಿ.ಮೀ. ಬೋರಿನ, 75 ಮಿ.ಮೀ. ಸ್ಟ್ರೋಕಿನ, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಇಂಜಿನ್. 1973ರಿಂದ ಅದೇ ಕಾರ್ಖಾನೆಯ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು. ಎರಡು ಸೈಲೆನ್ಸರು, ಕಿಕ್ಕರ್ರಿಗೂ ಗೇರಿಗೂ ಒಂದೇ ಲಿವರು, ಗೇರ್ ಒತ್ತಿದಾಗ ತಾನೇ ಬಿಡುವ ಕ್ಲಚ್ಚು, ಇವು ಆ ಬೈಕನ್ನು ಓಡಿಸಿದವರ ಕೈಕಾಲಿನಲ್ಲಿ ಇಂದಿಗೂ ಉಳಿದಿವೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮರಳಿ ಬಂದರೂ ಆ ಬೈಕುಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಇಂಜಿನ್ನೂ ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್.

ಜಾವಾದಲ್ಲಾಗಲಿ, ಎಸ್ಕಾರ್ಟ್ಸ್ ಕಂಪನಿಯ ರಾಜದೂತದಲ್ಲಾಗಲಿ ಪಿಸ್ಟನ್ನಿಗೆ ಎಣ್ಣೆ ಸಿಗುತ್ತಿದ್ದುದು ಪೆಟ್ರೋಲಿನ ಜೊತೆಗೇ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಅಳತೆಯ ಲೋಟದಿಂದ ಟೂ-ಟಿ ಆಯಿಲ್ ಸುರಿದು, ಬೈಕನ್ನು ಅತ್ತಿತ್ತ ಅಲುಗಾಡಿಸಿ ಬೆರೆಸಬೇಕಿತ್ತು. ಲೀಟರಿಗೆ 40 ಮಿ.ಲೀ. ಎಂದರೆ 25ಕ್ಕೆ 1ರ ಪ್ರಮಾಣ. ರನ್ನಿಂಗ್ ಇನ್ ಕಾಲದಲ್ಲಿ ಅದಕ್ಕಿಂತ ಹೆಚ್ಚು, 50 ಮಿ.ಲೀ.ವರೆಗೂ ಹಾಕುತ್ತಿದ್ದರು. ಹೆಚ್ಚಾದರೆ ಪ್ಲಗ್ ಕಪ್ಪಾಗಿ ಬಂಡಿ ಮಿಸ್ ಹೊಡೆಯುತ್ತದೆ, ಕಡಿಮೆಯಾದರೆ ಸೀಜ್. ಇನ್ನೊಂದು ಸೂಕ್ಷ್ಮವನ್ನು ಗುಡೇಕೋಟೆ ಕಡೆಯ ಗುಡ್ಡದ ರಸ್ತೆಗಳಲ್ಲಿ ಓಡಾಡಿದವರು ಚೆನ್ನಾಗಿ ಬಲ್ಲರು. ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲಿನ ಜೊತೆ ಎಣ್ಣೆಯೂ ನಿಂತುಹೋಗುತ್ತದೆ, ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಲೇ ಇರುತ್ತದೆ. ಹಾಗಾಗಿ ಇಳಿಯುವಾಗಲೂ ಆಗಾಗ ಒಂದಿಷ್ಟು ಎಕ್ಸಲರೇಟರ್ ಕೊಡುತ್ತ ಬರುವುದು ರೂಢಿ. ‘ನಲವತ್ತು ದಾಟಬೇಡ’ ಎಂಬ ಮಾತು ಬೇರುಬಿಟ್ಟದ್ದು ಈ ಎಣ್ಣೆ-ಪೆಟ್ರೋಲಿನ ಕಾಲದಲ್ಲಿ.

1980ರ ದಶಕದ ನಡುವೆ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದವು. 1985ರ ಯಮಹಾ ಆರ್‌ಎಕ್ಸ್ 100 ಟೂ-ಸ್ಟ್ರೋಕೇ ಆದರೂ ಎಣ್ಣೆಗೆ ಬೇರೆ ಡಬ್ಬಿ, ಬೇರೆ ಪಂಪು ಇದ್ದವು. ಬೆರೆಸುವ ತಾಪತ್ರಯ ತಪ್ಪಿತು. ಅದೇ ವರ್ಷದ ಹೀರೋ ಹೋಂಡಾ ಸಿಡಿ 100 ಇನ್ನೂ ದೂರ ಹೋಯಿತು. ಅದು ಫೋರ್-ಸ್ಟ್ರೋಕ್, ಎಣ್ಣೆ ಇಂಜಿನ್ನಿನ ತಳದಲ್ಲೇ ನಿಂತು ಸುತ್ತುತ್ತಿರುತ್ತದೆ. ಇಲ್ಲಿಂದಾಚೆಗೆ ಸೀಜ್ ಆಗುವ ಭಯ ಹಿಂದೆ ಸರಿದು, ಎಣ್ಣೆಯ ಶುದ್ಧಿ ಮುಖ್ಯವಾಯಿತು. ಮೊದಲ ದಿನಗಳಲ್ಲಿ ರಿಂಗು, ಗೇರು, ಕ್ಲಚ್ ಪ್ಲೇಟುಗಳಿಂದ ಸವೆದ ಲೋಹದ ಪುಡಿ ಎಣ್ಣೆಗೆ ಸೇರುತ್ತದೆ. ಹೊಸ ಬೈಕಿನ ಮೊದಲ ಆಯಿಲ್ ಚೇಂಜ್ ಮಾಡುವಾಗ ಟ್ರೇಗೆ ಬಿದ್ದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ: ಬೆಳ್ಳಿಯ ಬಣ್ಣದ ನವಿರು ಹೊಳಪು ತೇಲುತ್ತಿರುತ್ತದೆ. ಅದನ್ನು ಹೊರಹಾಕುವುದಕ್ಕಾಗಿಯೇ ಮೊದಲ ಸರ್ವಿಸನ್ನು ಸಾಮಾನ್ಯವಾಗಿ 500ರಿಂದ 1000 ಕಿ.ಮೀ. ಒಳಗೆ ಇಟ್ಟಿರುತ್ತಾರೆ. ‘ಫ್ರೀ ಸರ್ವಿಸ್ ತಾನೆ, ಮುಂದೆ ಮಾಡಿಸಿದರಾಯ್ತು’ ಎಂದು ಎರಡು ಸಾವಿರದವರೆಗೆ ಎಳೆಯುವುದು ಹಳ್ಳಿಗಳಲ್ಲಿ ಸಾಮಾನ್ಯ. ಇಂದಿನ ಇಂಜಿನ್ನಿಗೆ ನಿಜವಾದ ಕೇಡು ಇದರಿಂದಲೇ.

ತಾಲ್ಲೂಕು ಕೇಂದ್ರಗಳಲ್ಲಿ ಈ ಕ್ರಮವನ್ನು ಜೀವಂತ ಇಟ್ಟದ್ದು ಶೋರೂಮಿಗಿಂತ ಹೆಚ್ಚಾಗಿ ಬೋರಿಂಗ್ ಕೆಲಸ. ಕೆಂಪು ಮಣ್ಣಿನ ದೂಳು ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ರಿಂಗು ಬೇಗ ಸವೆಯುತ್ತದೆ. ಆಗ ಸಿಲಿಂಡರ್ ಬಿಚ್ಚಿ, ಬೋರ್ ಹಿಗ್ಗಿಸಿ, 0.25 ಮಿ.ಮೀ., ಮುಂದಿನ ಸಲ 0.50 ಮಿ.ಮೀ., ಹೀಗೆ ಒಂದೊಂದೇ ಅಳತೆ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಪ್ರತಿ ಸಲವೂ ಇಂಜಿನ್ ಹೊಸದಾಗುತ್ತದೆ. ಪ್ರತಿ ಸಲವೂ ರನ್ನಿಂಗ್ ಇನ್ ಮೊದಲಿಂದ. ಹರಪನಹಳ್ಳಿಗೆ ಹತ್ತಿರದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಲೇಥ್, ಬೋರಿಂಗ್, ವೆಲ್ಡಿಂಗ್ ಬಲ್ಲ ಕೈಗಳು ಈ ಸೀಮೆಗೆ ಅಪರೂಪವಾಗಿರಲಿಲ್ಲ. ಬೋರ್ ಮಾಡಿಸಿದ ಬೈಕನ್ನು ‘ಎರಡು ಟ್ಯಾಂಕ್ ಮೆಲ್ಲಕೆ ಓಡ್ಸು, ಡಬಲ್ ಹಾಕಬ್ಯಾಡ’ ಎಂದು ಹೇಳಿ ಕೊಡುವ ಮೆಕ್ಯಾನಿಕ್ಕಿನ ಮಾತು ಯಾವ ಕೈಪಿಡಿಗೂ ಕಡಿಮೆಯದಲ್ಲ. ಕಿ.ಮೀ. ಮೀಟರು ಕೆಟ್ಟು ನಿಂತ ಬೈಕಿಗೆ ಟ್ಯಾಂಕಿನ ಲೆಕ್ಕವೇ ಸರಿಯಾದ ಅಳತೆ.

2000ದಿಂದ ಬಿಗಿಯಾಗುತ್ತ ಬಂದ ಹೊಗೆ ನಿಯಮಗಳು ಟೂ-ಸ್ಟ್ರೋಕ್ ಬೈಕುಗಳನ್ನು ಮಾರುಕಟ್ಟೆಯಿಂದ ಹೊರದೂಡಿದವು. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದು ಕಾರ್ಬುರೇಟರಿನ ಜಾಗವನ್ನು ಫ್ಯುಯಲ್ ಇಂಜೆಕ್ಷನ್ ಹಿಡಿಯಿತು. ಈ ನಡುವೆ ಕಾರ್ಖಾನೆಯ ಕೊರೆತವೂ ಬದಲಾಗಿತ್ತು. ಪ್ಲಾಟೊ ಹೋನಿಂಗ್ ಎಂಬ ವಿಧಾನದಲ್ಲಿ ಗೀರುಗಳ ಏಣನ್ನು ಕಾರ್ಖಾನೆಯಲ್ಲೇ ಚಪ್ಪಟೆಯಾಗಿ ಸವೆಸಿ ಕಳಿಸುತ್ತಾರೆ. ಹಲವು ಇಂಜಿನ್ನುಗಳಲ್ಲಿ ಕಬ್ಬಿಣದ ಬೋರಿನ ಬದಲು ಅಲ್ಯೂಮಿನಿಯಂ ಮೇಲೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪನ ಬಂದಿದೆ. ಮಾಲೀಕ ಸಾವಿರ ಕಿಲೋಮೀಟರಿನಲ್ಲಿ ಮಾಡುತ್ತಿದ್ದ ಕೆಲಸದ ಬಹುಪಾಲು ಕೋಲಾರ ಜಿಲ್ಲೆಯ ನರಸಾಪುರದ ಹೋಂಡಾ ಕಾರ್ಖಾನೆಯಂಥ ಕಡೆ ಬೈಕು ಗೇಟು ದಾಟುವ ಮೊದಲೇ ಮುಗಿದಿರುತ್ತದೆ. ಉಳಿದ ಕೆಲಸ ಸಣ್ಣದಾದರೂ ಉಳಿದಿದೆ. ರಿಂಗಿನ ಕೊನೆಯ ಹೊಂದಾಣಿಕೆ, ಗೇರು ಹಲ್ಲುಗಳು, ಬ್ರೇಕ್ ಪ್ಯಾಡು, ಟೈರಿನ ಮೇಲ್ಮೈ, ಇವಕ್ಕೆ ರಸ್ತೆಯೇ ಬೇಕು.

ಮೊದಲು ಹೇಳಿದ ಐದು ತಾಲ್ಲೂಕುಗಳ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಕೊಂಡ ಬೈಕು ಊರು ಮುಟ್ಟುವುದೇ ಅದರ ಮೊದಲ ದೊಡ್ಡ ಪ್ರಯಾಣ. ಚಿತ್ರದುರ್ಗ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕೂಡ್ಲಿಗಿಯವರೆಗೆ ಒಂದೇ ಗೇರು, ಒಂದೇ ವೇಗದಲ್ಲಿ ಹೋಗುವ ಆಸೆಯಾಗುತ್ತದೆ. ಹೊಸ ಇಂಜಿನ್ನಿಗೆ ಅದು ಒಳ್ಳೆಯದಲ್ಲ. ರಿಂಗು ಹೊಂದಿಕೊಳ್ಳಲು ವೇಗವೂ ಭಾರವೂ ಏರಿಳಿಯುತ್ತಿರಬೇಕು. ಕೂಡ್ಲಿಗಿಯಿಂದ ಕೊಟ್ಟೂರಿಗೆ, ಕೊಟ್ಟೂರಿನಿಂದ ಹರಪನಹಳ್ಳಿಗೋ ಹಗರಿಬೊಮ್ಮನಹಳ್ಳಿಗೋ ಹೋಗುವ ದಾರಿಗಳಲ್ಲಿ ಊರು ಬಂದಾಗ ಗೇರ್ ಇಳಿಸುವುದು, ಹಂಪ್ ದಾಟುವುದು, ಏರಿನಲ್ಲಿ ಎಳೆಸುವುದು ತಾನಾಗಿಯೇ ಆಗುತ್ತದೆ. ಕೊಟ್ಟೂರು ತಲುಪಿ ಗುರು ಕೊಟ್ಟೂರೇಶ್ವರನಿಗೆ ಕಾಯಿ ಒಡೆಸಿ, ಮಂಡಕ್ಕಿ-ಮಿರ್ಚಿ ತಿಂದು ಏಳುವ ಹೊತ್ತಿಗೆ ಇಂಜಿನ್ ತಣ್ಣಗಾಗಿರುತ್ತದೆ. ಕಾಯ್ದು ತಣಿಯುವ ಈ ಸುತ್ತೂ ಪಳಗುವುದರ ಭಾಗವೇ.

ಎಚ್ಚರ ಬೇಕಾದದ್ದು ಜಾತ್ರೆಯ ದಿನಗಳಲ್ಲಿ. ಭರತ ಹುಣ್ಣಿಮೆಯ ಬಳಿಕ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ, ಫೆಬ್ರವರಿ–ಮಾರ್ಚಿನಲ್ಲಿ ಕೊಟ್ಟೂರಿನ ರಥೋತ್ಸವ ಬರುತ್ತವೆ. ಚಕ್ಕಡಿಗಳ, ಪಾದಯಾತ್ರಿಗಳ ನಡುವೆ ಮೂವರನ್ನು ಹೊತ್ತು ಮೊದಲ ಗೇರಿನಲ್ಲಿ ತೆವಳುವ ಹೊಸ ಬೈಕಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಂದಲೇ ತಂಪಾಗುವ ಇಂಜಿನ್ ಅರ್ಧ ಗಂಟೆ ಹೀಗೆ ಕಾಯ್ದರೆ ಅರವತ್ತರ ವೇಗದಲ್ಲಿ ಓಡಿಸಿದ್ದಕ್ಕಿಂತ ಹೆಚ್ಚು ನೋಯುತ್ತದೆ. ಅಂಥ ಕಡೆ ಬೈಕನ್ನು ಊರ ಹೊರಗೇ ನಿಲ್ಲಿಸಿ ನಡೆದು ಹೋಗುವುದು ಮೇಲು.