ಘನ ಮಾದರಿ: ಕ್ಯಾಡ್ ವಿನ್ಯಾಸದ ಮೂಲ ಪದಗಳು

ಏರ್‌ಬಸ್ ಕಂಪನಿಯ ದೈತ್ಯ ವಿಮಾನ ಎ380ರ ನಿರ್ಮಾಣ 2006ರಲ್ಲಿ ತೀವ್ರ ವಿಳಂಬಕ್ಕೆ ಸಿಲುಕಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಿದ್ಧವಾದ ವಿದ್ಯುತ್ ತಂತಿಗಳ ಕಟ್ಟುಗಳು ಫ್ರಾನ್ಸ್‌ನ ಟುಲೂಸ್‌ನಲ್ಲಿ ಜೋಡಣೆಯ ವೇಳೆ ಹೊಂದಿಕೊಳ್ಳಲಿಲ್ಲ. ಎರಡೂ ಕಡೆಯ ವಿನ್ಯಾಸಕಾರರು ಒಂದೇ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದು ಇದಕ್ಕೆ ಪ್ರಮುಖ ಕಾರಣವಾಗಿತ್ತು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್‌ನ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ.

ಗಣಕಯಂತ್ರದ ನೆರವಿನ ವಿನ್ಯಾಸಕ್ಕೆ ‘ಕ್ಯಾಡ್’ ಎಂದು ಹೆಸರು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲೆಂಡ್ ರೂಪಿಸಿದ ‘ಸ್ಕೆಚ್‌ಪ್ಯಾಡ್’ ಇದರ ಆರಂಭದ ಮೈಲಿಗಲ್ಲು. ಪರದೆಯ ಮೇಲಿನ ಚಿತ್ರ ನೋಡಲು ಸರಿಯಾಗಿದ್ದರಷ್ಟೇ ಸಾಲದು. ಅದರ ಹಿಂದಿರುವ ಮಾಹಿತಿಯೂ ಪರಿಪೂರ್ಣವಾಗಿರಬೇಕು. ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಮುಖ್ಯ ಪದಗಳ ಪರಿಚಯ ಇಲ್ಲಿದೆ.

ವೈರ್‌ಫ್ರೇಮ್: ವಸ್ತುವಿನ ಅಂಚುಗಳನ್ನು ಮಾತ್ರ ಗೆರೆಗಳಲ್ಲಿ ತೋರಿಸುವ ಹಂದರ. ಒಂದೇ ಹಂದರವನ್ನು ಎರಡು ಬಗೆಯಲ್ಲಿ ಅರ್ಥೈಸಲು ಸಾಧ್ಯವಿರುವುದು ಇದರ ದೊಡ್ಡ ಕೊರತೆ.

ಸರ್ಫೇಸ್: ದಪ್ಪವಿಲ್ಲದ ಮೇಲ್ಮೈ. ಕಾರಿನ ಹೊರಮೈಯಂತಹ ಬಾಗು ಆಕಾರಗಳಿಗೆ ಇದು ಸೂಕ್ತ. ರೆನೊ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಪ್ರಚುರಪಡಿಸಿದ ವಕ್ರರೇಖೆಗಳಿಗೆ ಇಂದಿಗೂ ಅವರದೇ ಹೆಸರಿದೆ.

ಸಾಲಿಡ್: ಎಲ್ಲೂ ತೆರಪಿಲ್ಲದೆ ಮುಚ್ಚಿದ ಘನ ಮಾದರಿ. ವಸ್ತುವಿನ ಒಳಗು ಯಾವುದು, ಹೊರಗು ಯಾವುದು ಎಂಬುದು ಗಣಕಕ್ಕೆ ತಿಳಿದಿರುತ್ತದೆ. ಹೀಗಾಗಿ ಲೋಹದ ಸಾಂದ್ರತೆ ನಮೂದಿಸಿದರೆ ತೂಕ ಹಾಗೂ ಗುರುತ್ವಕೇಂದ್ರವನ್ನು ಅದೇ ಲೆಕ್ಕಹಾಕಬಲ್ಲದು.

ಸ್ಕೆಚ್, ಎಕ್ಸ್‌ಟ್ರೂಡ್, ರಿವಾಲ್ವ್: ಸಮತಲದ ಮೇಲೆ ಬಿಡಿಸಿದ ರೇಖಾಕೃತಿಯೇ ಸ್ಕೆಚ್. ಶಾವಿಗೆ ಒರಳಿನ ಬಿಲ್ಲೆಯ ಮೂಲಕ ಹಿಟ್ಟು ಹೊರಬರುವಂತೆ ಆ ಆಕೃತಿಯನ್ನು ಒಂದೇ ದಿಕ್ಕಿಗೆ ಎಳೆಯುವುದು ಎಕ್ಸ್‌ಟ್ರೂಡ್. ಅದನ್ನು ಅಕ್ಷವೊಂದರ ಸುತ್ತ ತಿರುಗಿಸಿದರೆ ರಿವಾಲ್ವ್. ಕುಂಬಾರನ ತಿಗರಿಯ ಮೇಲಿನ ಮಡಕೆಯಂತಹ ರೂಪ ದೊರೆಯುತ್ತದೆ.

ಬೂಲಿಯನ್: ಘನಗಳನ್ನು ಕೂಡಿಸುವ, ಕಳೆಯುವ ಇಲ್ಲವೇ ಎರಡಕ್ಕೂ ಸಾಮಾನ್ಯವಾದ ಭಾಗವನ್ನಷ್ಟೇ ಉಳಿಸಿಕೊಳ್ಳುವ ಕ್ರಿಯೆ. ಫಲಕದಿಂದ ಸಿಲಿಂಡರ್ ಒಂದನ್ನು ಕಳೆದರೆ ರಂಧ್ರ ಉಂಟಾಗುತ್ತದೆ. ಗಣಿತಜ್ಞ ಜಾರ್ಜ್ ಬೂಲ್ ಅವರಿಂದ ಈ ಹೆಸರು ಬಂದಿದೆ.

ಫಿಲೆಟ್, ಚ್ಯಾಂಫರ್: ಚೂಪಾದ ಅಂಚನ್ನು ದುಂಡಾಗಿಸುವುದು ಫಿಲೆಟ್, ಓರೆಯಾಗಿ ಕತ್ತರಿಸುವುದು ಚ್ಯಾಂಫರ್. ಒಳಮೂಲೆಯ ಫಿಲೆಟ್ ಅಲ್ಲಿ ಒತ್ತಡ ಕೇಂದ್ರೀಕೃತವಾಗುವುದನ್ನು ತಗ್ಗಿಸಿ, ಬಿರುಕಿನ ಅಪಾಯವನ್ನು ಕಡಿಮೆ ಮಾಡುತ್ತದೆ.

ಪ್ಯಾರಾಮೆಟ್ರಿಕ್: ಅಳತೆಯೊಂದನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಭಾಗಗಳೆಲ್ಲ ತಾವಾಗಿಯೇ ಬದಲಾಗುವ ವಿಧಾನ. 1980ರ ದಶಕದ ಕೊನೆಯಲ್ಲಿ ಬಂದ ‘ಪ್ರೊ ಎಂಜಿನಿಯರ್’ ತಂತ್ರಾಂಶ ಇದನ್ನು ಜನಪ್ರಿಯಗೊಳಿಸಿತು.

ಅಸೆಂಬ್ಲಿ: ಬಿಡಿಭಾಗಗಳನ್ನು ಪರದೆಯಲ್ಲೇ ಜೋಡಿಸುವ ಹಂತ. ಒಂದು ಭಾಗ ಇನ್ನೊಂದರೊಳಗೆ ನುಗ್ಗಿದ್ದರೆ, ಲೋಹ ಕತ್ತರಿಸುವ ಮೊದಲೇ ಇಲ್ಲಿ ಪತ್ತೆಹಚ್ಚಬಹುದು.

ಸ್ಟೆಪ್: ಬೇರೆ ಬೇರೆ ತಂತ್ರಾಂಶಗಳ ನಡುವೆ ಮಾದರಿಯನ್ನು ಸಾಗಿಸಲು ಇರುವ ಅಂತಾರಾಷ್ಟ್ರೀಯ ಮಾನಕ, ಐಎಸ್‌ಒ 10303. ಇದರ ಮೂಲಕ ಆಕಾರವೇನೋ ದಾಟುತ್ತದೆ; ಅದನ್ನು ಹಂತಹಂತವಾಗಿ ಕಟ್ಟಿದ ಇತಿಹಾಸ ಸಾಮಾನ್ಯವಾಗಿ ದಾಟುವುದಿಲ್ಲ. ಆದ್ದರಿಂದ ಮಾದರಿಯನ್ನು ಪಡೆದವರು ಮುಖ್ಯ ಅಳತೆಗಳನ್ನು ಮತ್ತೊಮ್ಮೆ ತಾಳೆ ನೋಡುವುದು ಅಗತ್ಯ.