ಮತ್ತೆ ಮರವೇರಿದ ಬೇತಾಳ

ಭೂತದ ಕತೆ ನಿಜವಾಗಿ ಹೆದರಿಸುವುದು ಮೊದಲ ಸಲ ಕೇಳಿದಾಗ ಮಾತ್ರ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕತೆ ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹುಣಸೆಮರದ ಬ್ರಹ್ಮರಾಕ್ಷಸನ ಕತೆಯಲ್ಲಿ ಅಜ್ಜಿ ಒಂದು ಮಾತು ತಪ್ಪಿಸಿದರೂ ‘ಹಾಗಲ್ಲ, ಅವನು ಮೊದಲು ನೀರು ಕೇಳ್ತಾನೆ’ ಎಂದು ತಿದ್ದುವ ಮಗು, ರಾಕ್ಷಸ ಮರದಿಂದ ಇಳಿಯುವ ಹೊತ್ತಿಗೆ ನಿದ್ದೆ ಹೋಗಿರುತ್ತದೆ. ಮುಂದೇನಾಗುತ್ತದೆ ಎಂದು ಗೊತ್ತಿರುವುದೇ ಆ ನಿದ್ದೆಗೆ ಕಾರಣ. ನಾವು ದೊಡ್ಡವರಾಗುವ ಹೊತ್ತಿಗೆ ಅಜ್ಜಿಯರು ಇರುವುದಿಲ್ಲ, ಟೆಲಿವಿಷನ್ ಇರುತ್ತದೆ.

ಇಲ್ಲಿ ಹೇಳಹೊರಟಿರುವುದು ‘ದಿ ಎಕ್ಸ್-ಫೈಲ್ಸ್’ ಎಂಬ ಅಮೆರಿಕದ ಧಾರಾವಾಹಿಯ ವಿಷಯ. 1993ರಿಂದ 2002ರವರೆಗೆ ಒಂಬತ್ತು ಸರಣಿಗಳಲ್ಲಿ 202 ಕಂತುಗಳು, ಆಮೇಲೆ 2016ರಲ್ಲಿ ಆರು, 2018ರಲ್ಲಿ ಹತ್ತು. ನಮ್ಮಲ್ಲಿ ಕೇಬಲ್ ಬಂದ ಹೊಸದರಲ್ಲಿ ಇದನ್ನು ಅಲ್ಲೊಂದು ಇಲ್ಲೊಂದು ನೋಡಿದವರು ಇದ್ದಾರೆ. ಆಗ ಹಿಂದಿಯಲ್ಲಿ ರಾಮ್ಸೆ ಸಹೋದರರ ‘ಝೀ ಹಾರರ್ ಶೋ’ ಇತ್ತು, ಸೋನಿಯಲ್ಲಿ ‘ಆಹಟ್’ ಇತ್ತು. ಬಾಗಿಲು ಕಿರುಗುಟ್ಟಿದರೆ ಹೆದರಬೇಕು ಎಂಬುದು ಅವುಗಳ ನಿಯಮ. ಎಕ್ಸ್-ಫೈಲ್ಸ್‌ನ ನಿಯಮ ಬೇರೆ. ಇಲ್ಲಿ ಬಾಗಿಲು ಕಿರುಗುಟ್ಟಿದರೆ ಇಬ್ಬರು ಸರ್ಕಾರಿ ನೌಕರರು ಟಾರ್ಚು ಹಿಡಿದು ಒಳಗೆ ಹೋಗುತ್ತಾರೆ, ಆಮೇಲೆ ಮೇಲಧಿಕಾರಿಗೆ ವರದಿ ಒಪ್ಪಿಸುತ್ತಾರೆ. ಭೂತವನ್ನು ಕಡತಕ್ಕೆ ಗಂಟುಹಾಕಿದ ಈ ಯೋಚನೆ, ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದ ನನ್ನಂಥವನಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಯೋಚನೆಯೇನೂ ಹೊಸದಲ್ಲ. 1972ರ ಜನವರಿಯಲ್ಲಿ ಎಬಿಸಿ ವಾಹಿನಿ ‘ದಿ ನೈಟ್ ಸ್ಟಾಕರ್’ ಎಂಬ ಟೀವಿ ಚಿತ್ರವನ್ನು ತೋರಿಸಿತ್ತು. ಕಾರ್ಲ್ ಕೋಲ್‌ಚಾಕ್ ಎಂಬ ಪತ್ರಿಕಾ ವರದಿಗಾರ ಲಾಸ್ ವೇಗಸ್‌ನಲ್ಲಿ ನಡೆಯುವ ಕೊಲೆಗಳ ಹಿಂದೆ ರಕ್ತಪಿಶಾಚಿಯೊಂದಿದೆ ಎಂದು ಪತ್ತೆಮಾಡುತ್ತಾನೆ. ಊರಿನ ಅಧಿಕಾರಿಗಳು ಸುದ್ದಿಯನ್ನು ಹೂತುಹಾಕಿ ಅವನನ್ನೇ ಓಡಿಸುತ್ತಾರೆ. ಚಿತ್ರ ಭಾರಿ ಜನಪ್ರಿಯವಾಗಿ, 1974ರ ಸೆಪ್ಟೆಂಬರ್‌ನಲ್ಲಿ ಅದೇ ಕೋಲ್‌ಚಾಕ್ ವಾರಕ್ಕೊಮ್ಮೆ ಬರತೊಡಗಿದ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟಿದ್ದ. ಸರ್ಕಾರ ಸುಳ್ಳು ಹೇಳುತ್ತದೆ, ಪತ್ರಕರ್ತ ನಿಜ ಹೇಳುತ್ತಾನೆ ಎಂಬುದನ್ನು ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ವಾರಕ್ಕೊಂದು ಪಿಶಾಚಿಯ ಈ ದುಡಿಮೆ ನಾಯಕನಟ ಡ್ಯಾರೆನ್ ಮೆಕ್‌ಗ್ಯಾವಿನ್‌ಗೇ ಬೇಸರ ಬಂದು, 20 ಕಂತುಗಳಿಗೆ ನಿಂತಿತು. ಅದನ್ನು ನೋಡಿ ಮರೆಯದೆ ಉಳಿದ ಹುಡುಗರಲ್ಲಿ ಕ್ಯಾಲಿಫೋರ್ನಿಯದ ಕ್ರಿಸ್ ಕಾರ್ಟರ್ ಒಬ್ಬ.

ಕಾರ್ಟರ್ ಬೆಳೆದು ಧಾರಾವಾಹಿ ಬರೆಯುವ ಹೊತ್ತಿಗೆ ಕಾಲ ಬದಲಾಗಿತ್ತು. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹೊರಗಿನ ಶತ್ರು ಕಾಣೆಯಾದಾಗ ಅನುಮಾನ ಮನೆಯೊಳಗೆ ತಿರುಗುತ್ತದೆ. ಅದೇ ಹೊತ್ತಿಗೆ ಹಾರ್ವರ್ಡ್‌ನ ಜಾನ್ ಮ್ಯಾಕ್ ಎಂಬ ಮನೋವೈದ್ಯ, ತಮ್ಮನ್ನು ಅನ್ಯಗ್ರಹದವರು ಹೊತ್ತೊಯ್ದಿದ್ದರು ಎನ್ನುವ ಜನರ ಮಾತನ್ನು ಹುಚ್ಚೆಂದು ತಳ್ಳಿಹಾಕದೆ ಕೇಳತೊಡಗಿದ್ದ. ಇವೆರಡನ್ನೂ ಹೊಸೆದು ಕಾರ್ಟರ್ ಎರಡು ಪಾತ್ರ ಮಾಡಿದ. ಒಬ್ಬ ಫಾಕ್ಸ್ ಮುಲ್ಡರ್, ಬಾಲ್ಯದಲ್ಲಿ ಕಣ್ಣೆದುರೇ ತಂಗಿಯನ್ನು ಕಳೆದುಕೊಂಡು, ಅವಳನ್ನು ಆಕಾಶದವರು ಒಯ್ದರೆಂದು ನಂಬಿದವನು. ಇನ್ನೊಬ್ಬಳು ಡೇನಾ ಸ್ಕಲಿ, ವೈದ್ಯಶಾಸ್ತ್ರ ಓದಿ ಎಫ್‌ಬಿಐ ಸೇರಿದವಳು, ಏನನ್ನೂ ನಂಬದವಳು. ಗಂಡು ಭಾವುಕ, ಹೆಣ್ಣು ವಿಚಾರವಾದಿ. ಟೀವಿಯ ಲೋಕದಲ್ಲಿ ಇದು ಸಣ್ಣ ಪಲ್ಲಟವಲ್ಲ. ವಿಜ್ಞಾನದ ಕ್ಷೇತ್ರದಲ್ಲಿರುವ ಅನೇಕ ಅಮೆರಿಕನ್ ಹೆಂಗಸರು ಸ್ಕಲಿಯನ್ನು ತಮಗೆ ಮಾದರಿಯೆಂದು ಹೇಳಿದ್ದನ್ನು 2018ರಲ್ಲಿ ಸಮೀಕ್ಷೆ ಮಾಡಿಯೇ ಕಂಡುಕೊಂಡರು.

ಮೊದಲ ಕಂತು 1993ರ ಸೆಪ್ಟೆಂಬರ್ 10, ಶುಕ್ರವಾರ ರಾತ್ರಿ. ಅಂದು ಹಾಕಿದ ಕಟ್ಟು ಕೊನೆಯವರೆಗೂ ಹೆಚ್ಚು ಸಡಿಲಲಿಲ್ಲ. ಶೀರ್ಷಿಕೆ ಬರುವ ಮೊದಲು ಎಲ್ಲೋ ಯಾರೋ ಒಬ್ಬರು ಸಾಯಬೇಕು. ಮಾರ್ಕ್ ಸ್ನೋ ಕಟ್ಟಿದ ಸಿಳ್ಳೆಯಂಥ ರಾಗ ಕೇಳಬೇಕು. ಪರದೆಯ ಕೆಳಗೆ ಊರು, ಹೊತ್ತು, ತಾರೀಖುಗಳು ಟೈಪ್ ಮಾಡಿದ ಹಾಗೆ ಅಕ್ಷರ ಅಕ್ಷರವಾಗಿ ಮೂಡಬೇಕು. ನೆಲಮಾಳಿಗೆಯ ಕಚೇರಿಯಲ್ಲಿ ಮುಲ್ಡರ್ ಸ್ಲೈಡುಗಳನ್ನು ತೋರಿಸುತ್ತ ಅಸಂಭವವಾದದ್ದನ್ನು ಹೇಳುತ್ತಾನೆ, ಸ್ಕಲಿ ಹುಬ್ಬೇರಿಸಿ ಇಲಿಯ ಜ್ವರವೋ ವಿಷದ ಗಾಳಿಯೋ ಇರಬೇಕೆನ್ನುತ್ತಾಳೆ. ಶವಪರೀಕ್ಷೆಯಲ್ಲಿ ಎರಡಕ್ಕೂ ಹೊಂದದ ಒಂದು ವಸ್ತು ಸಿಗುತ್ತದೆ. ಮೂವತ್ತೈದನೆಯ ನಿಮಿಷದ ಸುಮಾರಿಗೆ ಅವರಲ್ಲಿ ಒಬ್ಬರು ಒಂಟಿಯಾಗಿ ಕತ್ತಲೆಯ ಕೋಣೆಗೆ ಹೋಗುತ್ತಾರೆ. ಭೂತ ಸಿಗುತ್ತದೆ. ಸಾಕ್ಷ್ಯ ಮಾತ್ರ ಸಿಗುವುದಿಲ್ಲ. ಅದು ಸುಟ್ಟುಹೋಗುತ್ತದೆ, ಕರಗಿಹೋಗುತ್ತದೆ, ಇಲ್ಲವೇ ಕೋಟು ತೊಟ್ಟವರು ಬಂದು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಸ್ಕಲಿ ಕಂಪ್ಯೂಟರಿನ ಮುಂದೆ ಕೂತು, ಪ್ರಕರಣಕ್ಕೆ ಕಾರಣ ತಿಳಿದುಬಂದಿಲ್ಲ ಎಂದು ಟಿಪ್ಪಣಿ ಬರೆಯುತ್ತಾಳೆ.

‘ಚಂದಮಾಮ’ ಓದಿ ಬೆಳೆದ ನಮಗೆ ಈ ಕಟ್ಟು ಎಲ್ಲಿಯದೆಂದು ಬೇರೆ ಹೇಳಬೇಕೆ? ಮರದಿಂದ ಶವ ಇಳಿಸಿ ಹೆಗಲಿಗೇರಿಸಿ ಮಸಣದ ದಾರಿ ಹಿಡಿಯುವ ರಾಜ, ಕತೆ ಹೇಳಿ ಪ್ರಶ್ನೆ ಕೇಳುವ ಬೇತಾಳ, ಸರಿಯುತ್ತರ, ಮೌನಭಂಗ, ಬೇತಾಳ ಮತ್ತೆ ಮರದ ಮೇಲೆ. ಉತ್ತರ ಗೊತ್ತಿದ್ದುದೇ ರಾಜನ ಸೋಲಿಗೆ ಕಾರಣ. ಮುಲ್ಡರನದೂ ಅದೇ ಪಾಡು. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಆಟ ಒಂದು ಕಡೆ ಮುಗಿಯುತ್ತದೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಬೇತಾಳ ಒಲಿಯುತ್ತದೆ. ‘ಚಂದಮಾಮ’ದವರು ಇದಕ್ಕಿಂತ ಜಾಣರು. ಆ ಕೊನೆಯ ಪ್ರಶ್ನೆಯ ಗೊಡವೆಗೇ ಹೋಗದೆ, ಅದೇ ಚಿತ್ರದಡಿಯಲ್ಲಿ ಹೊಸ ಹೊಸ ಕತೆ ಹೆಣೆದು ದಶಕಗಟ್ಟಲೆ ರಾಜನನ್ನು ನಡೆಸಿದರು. ಯಾವ ಓದುಗನೂ ದೂರು ಕೊಟ್ಟಂತೆ ಕಾಣೆ.

ಧಾರಾವಾಹಿಯ ಮೂರನೆಯ ಕಂತಿನಲ್ಲಿ ಬರುವ ಟೂಮ್ಸ್ ಎಂಬವನನ್ನು ನೋಡಬೇಕು. 1903, 1933, 1963, 1993, ಹೀಗೆ ಮೂವತ್ತು ವರ್ಷಕ್ಕೊಮ್ಮೆ ಎದ್ದುಬಂದು ಐದು ಮಂದಿಯ ಯಕೃತ್ತು ತಿಂದು ಮತ್ತೆ ಮಲಗುವವನು. ಚಿಮಣಿ, ಗಾಳಿಕಿಂಡಿ, ಯಾವ ಸಂದಿಯಲ್ಲಾದರೂ ಮೈ ಎಳೆದು ತೂರಬಲ್ಲ. ಹಳೆಯ ಪತ್ರಿಕೆಗಳನ್ನು ಹರಿದು ಗೂಡು ಕಟ್ಟುತ್ತಾನೆ. ಹೇಳಿದರೆ ನಗು ಬರುತ್ತದೆ, ನೋಡಿದರೆ ಮಲಗುವ ಮುನ್ನ ಕಿಟಕಿಯ ಕಡೆ ಕಣ್ಣು ಹೋಗುತ್ತದೆ. ಮೊದಲ ಐದು ವರ್ಷ ಚಿತ್ರೀಕರಣ ನಡೆದದ್ದು ಕೆನಡಾದ ವ್ಯಾಂಕೂವರಿನಲ್ಲಿ. ಅಲ್ಲಿಯ ಜಡಿಮಳೆ, ಒದ್ದೆ ಮರಗಳು, ಮಧ್ಯಾಹ್ನವೇ ಕವಿಯುವ ಮಬ್ಬು, ಇವೆಲ್ಲ ಆಷಾಢದ ಆಗುಂಬೆಯ ನೆಂಟರಂತೆ ಕಾಣುತ್ತವೆ. 1998ರಲ್ಲಿ ಮುಲ್ಡರ್ ಪಾತ್ರದ ಡೇವಿಡ್ ಡಕವ್ನಿ ಹೆಂಡತಿಯಿರುವ ಊರಿಗೆ ಹತ್ತಿರ ಇರಬಯಸಿದನೆಂದು ಇಡೀ ಸಂಸಾರ ಲಾಸ್ ಏಂಜಲಿಸ್‌ಗೆ ಹೋಯಿತು. ಬಿಸಿಲು ಬಂತು. ಬಿಸಿಲಿನಲ್ಲಿ ಭೂತಗಳು ಒಣಗಿದವು ಎಂದೇ ನನ್ನ ಅಭಿಪ್ರಾಯ.

ಇದನ್ನೆಲ್ಲ ನಾನು ಕ್ರಮವಾಗಿ ನೋಡಿದ್ದು 2019ರಲ್ಲಿ, ಅಕ್ಕನ ಜೊತೆ. ಅಕ್ಕ ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ಸ್ತನದಲ್ಲಿ ಗಂಟು ಕಂಡು, ಆಪರೇಷನ್ ಆಗಿ, ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋಥೆರಪಿ ಎಂದು ಬೆಂಗಳೂರಿನ ನಮ್ಮ ಮನೆಗೆ ಬಂದಳು. ಔಷಧಿಯ ಜೊತೆಗೆ ಕೊಡುವ ಸ್ಟೀರಾಯ್ಡಿನಿಂದ ಎರಡು ಮೂರು ರಾತ್ರಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಪುಸ್ತಕ ಹಿಡಿದರೆ ಅಕ್ಷರ ಓಡುತ್ತದೆ ಎನ್ನುತ್ತಿದ್ದಳು. ಅತ್ತೆ ಸೊಸೆಯರ ಧಾರಾವಾಹಿ ಹಾಕಿದರೆ ‘ಇದರಲ್ಲಿ ಯಾವಾಗ ಯಾರಿಗೆ ಏನಾಗತ್ತೋ ಗೊತ್ತಾಗಲ್ಲ ಮಾರಾಯ, ಎದೆ ಹೊಡ್ಕೊಳ್ಳತ್ತೆ’ ಎಂದಳು. ಅವಳ ಮಗ ಹಿಂದೊಮ್ಮೆ ಅಮೆರಿಕದಿಂದ ತಂದುಕೊಟ್ಟಿದ್ದ ಎಕ್ಸ್-ಫೈಲ್ಸ್ ಡಿವಿಡಿಗಳ ಪೆಟ್ಟಿಗೆ ನಮ್ಮಲ್ಲಿತ್ತು. ರಾತ್ರಿ ಒಂದು ಗಂಟೆಗೆ ಮೊದಲ ಡಿಸ್ಕ್ ಹಾಕಿದೆ.

ಅಕ್ಕನಿಗೆ ಕಟ್ಟು ಅರ್ಥವಾಗಲು ಮೂರು ಕಂತು ಸಾಕಾಯಿತು. ನಾಲ್ಕನೆಯದರಿಂದ ಅವಳು ಪಾಠದ ಧ್ವನಿಯಲ್ಲಿ ಮುಂದಿನದನ್ನು ಹೇಳತೊಡಗಿದಳು. ‘ಈಗ ಇವಳು ಕನ್ನಡಕ ಹಾಕ್ತಾಳೆ. ಈಗ ಅವನು ಫೋನ್ ಮಾಡ್ತಾನೆ. ಈಗ ಸಾಕ್ಷಿ ಸುಟ್ಟುಹೋಗತ್ತೆ ನೋಡು.’ ಸುಟ್ಟುಹೋಗುತ್ತಿತ್ತು. ಅವಳ ಮುಖದಲ್ಲಿ ಆಗ ಕಾಣುತ್ತಿದ್ದ ತೃಪ್ತಿಯನ್ನು ನಾನು ಹಗಲಿನಲ್ಲಿ ಕಾಣಲಿಲ್ಲ. ಹಗಲೆಲ್ಲ ರಕ್ತದ ಕಣಗಳ ಎಣಿಕೆ, ವಿಮೆಯ ಕಾಗದ, ನೋಡಲು ಬಂದವರ ಉಪದೇಶ. ಹಗಲಿಗೆ ಕಟ್ಟು ಎಂಬುದೇ ಇರಲಿಲ್ಲ.

ಆದರೆ ಈ ಧಾರಾವಾಹಿಯ ಹೊಟ್ಟೆಯಲ್ಲೇ ಒಂದು ಮುಳ್ಳಿತ್ತು. ಅದರ ಚರಿತ್ರೆ ವಿಚಿತ್ರವಾದದ್ದು. ಎರಡನೆಯ ಸರಣಿಯ ಹೊತ್ತಿಗೆ, 1994ರಲ್ಲಿ, ಸ್ಕಲಿ ಪಾತ್ರದ ಜಿಲಿಯನ್ ಆಂಡರ್ಸನ್ ಬಸುರಿಯಾದಳು. ಅವಳಿಗೆ ರಜೆ ಬೇಕು, ಪಾತ್ರವನ್ನು ಬಿಡುವಂತಿಲ್ಲ. ಬರಹಗಾರರು ಸ್ಕಲಿಯನ್ನು ಅನ್ಯಗ್ರಹದವರ ಹೆಸರಿನಲ್ಲಿ ಅಪಹರಿಸಿಬಿಟ್ಟರು. ಮರಳಿ ಬಂದವಳ ಕತ್ತಿನಲ್ಲಿ ಒಂದು ಚಿಪ್ ಸಿಕ್ಕಿತು, ಅದನ್ನು ತೆಗೆಸಿದ್ದರಿಂದ ಕ್ಯಾನ್ಸರ್ ಬಂತು. ಹೀಗೆ ಒಬ್ಬ ನಟಿಯ ಹೆರಿಗೆ ರಜೆ ಎರಡು ವರ್ಷ ಉರುಳಿ ಅವಳ ಪಾತ್ರದ ಕ್ಯಾನ್ಸರ್ ಆಯಿತು. ಅದು ಬಯಲಾಗುವುದು ನಾಲ್ಕನೆಯ ಸರಣಿಯ ‘ಲೆನರ್ಡ್ ಬೆಟ್ಸ್’ ಎಂಬ ಕಂತಿನಲ್ಲಿ. ಬೆಟ್ಸ್ ಎಂಬವನು ಜನರ ಮೈಯ ಗಡ್ಡೆ ತಿಂದು ಬದುಕುವವನು. ಅವನು ಸ್ಕಲಿಯ ಕಡೆ ತಿರುಗಿ, ನಿನ್ನಲ್ಲಿ ನನಗೆ ಬೇಕಾದದ್ದೊಂದು ಇದೆ ಎನ್ನುತ್ತಾನೆ. ಅಷ್ಟೇ. ಅವಳಿಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ. 1997ರ ಜನವರಿ 26ರಂದು ಸೂಪರ್ ಬೌಲ್ ಪಂದ್ಯದ ಬೆನ್ನಿಗೇ ಪ್ರಸಾರವಾದ್ದರಿಂದ ಸುಮಾರು 2 ಕೋಟಿ 90 ಲಕ್ಷ ಜನ ಇದನ್ನು ನೋಡಿದರು. ಧಾರಾವಾಹಿಯ ಬೇರಾವ ಕಂತನ್ನೂ ಅಷ್ಟು ಜನ ನೋಡಲಿಲ್ಲ.

ಆ ಡಿಸ್ಕ್ ಕೈಗೆ ಬಂದಾಗ ಅಕ್ಕನಿಗೆ ನಾಲ್ಕು ಕೀಮೋ ಮುಗಿದಿತ್ತು, ತಲೆಯಲ್ಲಿ ಕೂದಲಿರಲಿಲ್ಲ. ಈ ಕತೆ ಇಂಥದು, ಬೇಡವಾದರೆ ಮುಂದಿನದಕ್ಕೆ ಹೋಗೋಣ ಎಂದೆ. ‘ಕ್ರಮ ತಪ್ಪಿಸಬೇಡ, ಹಾಕು’ ಎಂದಳು. ನೋಡಿದಳು. ಬೆಟ್ಸ್ ಆ ಮಾತು ಹೇಳಿದಾಗ ಏನೂ ಅನ್ನಲಿಲ್ಲ. ಕಂತಿನ ಕೊನೆಯಲ್ಲಿ ಸ್ಕಲಿ ನಡುರಾತ್ರಿ ಎಚ್ಚೆತ್ತು ಕೆಮ್ಮಿ, ದಿಂಬಿನ ಮೇಲಿನ ರಕ್ತ ನೋಡುತ್ತಾಳೆ. ಅಕ್ಕ ಎದ್ದು ಹೋಗಿ ಬಚ್ಚಲುಮನೆಯಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಹಿಂತಿರುಗಿ ಬಂದವಳು ‘ಆ ವಿಮೆ ಏಜೆಂಟನದು ಇನ್ನೊಂದು ಸಲ ಹಾಕು’ ಎಂದಳು.

ಅದು ಮೂರನೆಯ ಸರಣಿಯ ಕಂತು, 1995ರದು. ಡ್ಯಾರಿನ್ ಮಾರ್ಗನ್ ಬರೆದದ್ದು. ಇದರ ಬರಹಕ್ಕೂ ಪೀಟರ್ ಬಾಯ್ಲ್‌ನ ಅಭಿನಯಕ್ಕೂ ಎಮ್ಮಿ ಪ್ರಶಸ್ತಿ ಬಂದವು. ಕ್ಲೈಡ್ ಬ್ರಕ್‌ಮನ್ ಎಂಬ ಮುದುಕ ವಿಮೆ ಮಾರುವವನು, ಯಾರನ್ನು ನೋಡಿದರೂ ಅವರು ಹೇಗೆ ಸಾಯುತ್ತಾರೆಂದು ಅವನಿಗೆ ಕಾಣುತ್ತದೆ. ಅದರಿಂದ ಅವನಿಗೆ ಒಂದು ದಿನದ ಸುಖವೂ ಇಲ್ಲ. ಎಂದೂ ನಂಬದ ಸ್ಕಲಿ ಅವನನ್ನು ಮೆಲ್ಲಗೆ ಕೇಳುತ್ತಾಳೆ, ನಾನು ಹೇಗೆ ಸಾಯುತ್ತೇನೆ ಎಂದು. ನೀನು ಸಾಯುವುದಿಲ್ಲ ಎನ್ನುತ್ತಾನೆ. ಅದು ನಿಜವೋ, ಮುದುಕ ತೋರಿದ ಕರುಣೆಯೋ, ಧಾರಾವಾಹಿ ಹೇಳುವುದಿಲ್ಲ. ಆ ರಾತ್ರಿ ಅಕ್ಕ ಅದೊಂದು ದೃಶ್ಯವನ್ನು ಎರಡು ಸಲ ನೋಡಿದಳು.

ಸ್ಕಲಿ ಐದನೆಯ ಸರಣಿಯಲ್ಲಿ ಗುಣವಾಗುತ್ತಾಳೆ. ಹೊಸ ಚಿಪ್ಪಿನಿಂದಲೋ, ಡಾಕ್ಟರ ಔಷಧಿಯಿಂದಲೋ, ಅವಳು ಮರಳಿ ಹಿಡಿದ ದೈವಭಕ್ತಿಯಿಂದಲೋ ಬಿಡಿಸಿ ಹೇಳುವುದಿಲ್ಲ. ‘ಮೂರರಲ್ಲಿ ಒಂದನ್ನೇ ಕೊಟ್ಟು ನೋಡಬೇಕಿತ್ತು. ಪ್ರಯೋಗ ಮಾಡೋ ಕ್ರಮವಾ ಇದು?’ ಎಂದು ಮೇಡಮ್ಮು ಗದರಿದರು. ಆಮೇಲೆ ‘ಆ ಚಿಪ್ಪಿಗೆ ನಮ್ಮ ವಿಮೆಯವರು ದುಡ್ಡು ಕೊಡ್ತಾರಾ ಕೇಳು’ ಎಂದೂ ಸೇರಿಸಿದರು.

ಎಕ್ಸ್-ಫೈಲ್ಸ್‌ನಲ್ಲಿ ಎರಡು ಬಗೆಯ ಕಂತುಗಳಿವೆ. ಒಂದು ಬಿಡಿ ಭೂತಗಳದು. ಇನ್ನೊಂದು ಸರ್ಕಾರ ಮತ್ತು ಅನ್ಯಗ್ರಹದವರ ಮಹಾ ಒಳಸಂಚಿನದು. ಪ್ರಸಾರವಾಗುವ ಕಾಲಕ್ಕೆ ಜನ ಕಾದು ಕೂರುತ್ತಿದ್ದದ್ದು ಎರಡನೆಯದಕ್ಕೆ. ಮತ್ತೆ ನೋಡುವವರಿಗೆ ಬೇಕಾಗುವುದು ಮೊದಲನೆಯದು. ಒಳಸಂಚಿನ ಕತೆ ಉತ್ತರ ಕೊಡುತ್ತೇನೆಂದು ಮಾತುಕೊಟ್ಟ ಕತೆ. ವರ್ಷ ವರ್ಷ ಬಡ್ಡಿ ಬೆಳೆದು, ಕೊನೆಗೆ ಅಸಲೂ ಹುಟ್ಟಲಿಲ್ಲ. ಹೊರಗಿನ ಲೋಕವೂ ಕೈಕೊಟ್ಟಿತು. ಇದೇ ತಂಡದ ‘ದಿ ಲೋನ್ ಗನ್‌ಮೆನ್’ ಎಂಬ ಕಿರು ಧಾರಾವಾಹಿಯ ಮೊದಲ ಕಂತಿನಲ್ಲಿ, ವಿಮಾನವೊಂದನ್ನು ವರ್ಲ್ಡ್ ಟ್ರೇಡ್ ಸೆಂಟರಿಗೆ ಅಪ್ಪಳಿಸುವ ಸಂಚನ್ನು ಸರ್ಕಾರದೊಳಗಿನವರೇ ಹೂಡುತ್ತಾರೆ. ಅದು ಪ್ರಸಾರವಾದದ್ದು 2001ರ ಮಾರ್ಚ್ 4ರಂದು. ಆರು ತಿಂಗಳ ಮೇಲೆ ನಿಜವಾದ ವಿಮಾನಗಳು ಬಂದವು. ಆಮೇಲೆ ಇಂಥ ಆಟ ಆಡುವ ಹುರುಪು ಯಾರಲ್ಲೂ ಉಳಿಯಲಿಲ್ಲ. 2002ರ ಮೇ 19ರಂದು ಎರಡು ಗಂಟೆಯ ಕೊನೆಯ ಕಂತಿನಲ್ಲಿ, ಮುಲ್ಡರನನ್ನು ಸೈನಿಕ ನ್ಯಾಯಮಂಡಲಿಯ ಮುಂದೆ ನಿಲ್ಲಿಸಿ, ಸಾಕ್ಷಿಗಳನ್ನು ಕರೆಕರೆದು ಒಂಬತ್ತು ವರ್ಷದ ರಹಸ್ಯವನ್ನೆಲ್ಲ ಬಾಯಿಬಿಡಿಸಿದರು. ಅಷ್ಟೂ ಹೊತ್ತು ಅಕ್ಕ ಗೊರಕೆ ಹೊಡೆದಳು.

2016ರ, 2018ರ ಕಂತುಗಳು ಆ ಪೆಟ್ಟಿಗೆಯಲ್ಲಿರಲಿಲ್ಲ. ಅವುಗಳಲ್ಲೂ ಡ್ಯಾರಿನ್ ಮಾರ್ಗನ್ ಬರೆದವು ಚೆನ್ನಾಗಿವೆ, ಉಳಿದದ್ದು ಇರಲಿ.

ಅಕ್ಕ ಊರಿಗೆ ಮರಳಿದ ಮೇಲೆ ತಪಾಸಣೆಗೆ ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಬರುತ್ತಿದ್ದಳು. ಈಗ ವರ್ಷಕ್ಕೊಮ್ಮೆ. ಹಿಂದಿನ ರಾತ್ರಿ ಒಂದು ಕಂತು, ಬಿಡಿ ಭೂತದ್ದೇ ಆಗಬೇಕು. ಕಳೆದ ಸಲ ಡಾಕ್ಟರು ಕಾಗದ ತಿರುವಿ, ‘ಸದ್ಯಕ್ಕೆ ಏನೂ ಕಾಣ್ತಾ ಇಲ್ಲ, ಮುಂದಿನ ವರ್ಷ ಬನ್ನಿ’ ಎಂದರು. ಹೊರಗೆ ಬಂದು ಆಟೋ ಹತ್ತುವಾಗ ಅಕ್ಕ ‘ಸದ್ಯಕ್ಕೆ ಅಂದ್ರು ನೋಡು, ಥೇಟ್ ಸ್ಕಲಿ ಬರೆದ ಹಾಗೆ’ ಎಂದಳು. ಅಂದು ಸಂಜೆಯ ಬಸ್ಸಿಗೆ ಹೊರಟಾಗ ಡಿವಿಡಿ ಪೆಟ್ಟಿಗೆ ಕಟ್ಟಿಕೊಡಲೇ, ಊರಿನಲ್ಲಿ ನೋಡಿಕೊಳ್ಳಬಹುದಲ್ಲ ಎಂದು ಕೇಳಿದೆ. ‘ಬೇಡ, ಇಲ್ಲೇ ಇರಲಿ’ ಎಂದು ಚೀಲ ಹೆಗಲಿಗೇರಿಸಿದಳು. ‘ಬರೋ ವರ್ಷ ಬಂದಾಗ ಟೂಮ್ಸ್‌ನದು ಹಾಕು.’